ಅಣ್ಣನಿಗೆ ಹಂದಿ ಕಿಡ್ನಿ ಹಾಕಿಸಿದರೆ ಅತ್ತಿಗೆ, ಮಕ್ಕಳಿಗೂ ವೈರಸ್ ಬರುತ್ತಾ?

ಪ್ರಶ್ನೆ: ಡಾಕ್ಟರೇ, ನಾನು ಶಿವಮೊಗ್ಗದವಳು, ವಯಸ್ಸು 51. ನನ್ನ ಅಣ್ಣ ಇಪ್ಪತ್ತೆರಡು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದಾನೆ, ಈಗ ಅಲ್ಲಿಯ ಪ್ರಜೆ. ಅವನಿಗೆ 58. ಶುಗರ್‌ನಿಂದ ಎರಡೂ ಕಿಡ್ನಿ ಹೋಗಿ ಮೂರು ವರ್ಷದಿಂದ ಡಯಾಲಿಸಿಸ್, ವಾರಕ್ಕೆ ಮೂರು ದಿನ. ನಾನು ಕಿಡ್ನಿ ಕೊಡ್ತೀನಿ ಅಂದೆ. ನನ್ನದು ಬಿ ಪಾಸಿಟಿವ್, ಅವನದು ಓ ಪಾಸಿಟಿವ್, ಆಗಲ್ಲ ಅಂದರು. ಈಗ ಅವನ ಡಾಕ್ಟರು ಹಂದಿ ಕಿಡ್ನಿ ಟ್ರಯಲ್ ಮಾತು ಎತ್ತಿದ್ದಾರೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ, 'ಮೊದಲು ಹಂದಿ ಹೃದಯ ಹಾಕಿಸಿಕೊಂಡವನು ಹಂದಿ ವೈರಸ್‌ನಿಂದಲೇ ಸತ್ತ, ಇದೇ ಮುಂದಿನ ಕೊರೊನಾ' ಅಂತ ಫಾರ್ವರ್ಡ್ ಹಾಕಿದ್ದಾರೆ. ಅತ್ತಿಗೆ ಹೆದರಿದ್ದಾಳೆ. ಅವಳಿಗೂ ಮಕ್ಕಳಿಗೂ ಹರಡುತ್ತಾ? ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಹಂದಿ ಅಂಗ ಹಾಕಿಸಿಕೊಂಡ ಒಬ್ಬ ರೋಗಿಯನ್ನೂ ನಾನು ನೋಡಿಲ್ಲ. ಬೆಂಗಳೂರಿನಲ್ಲಿ ಕಿಡ್ನಿ, ಲಿವರ್ ಕಸಿ ಆದವರ ಸೋಂಕು ನೋಡುವುದು ನನ್ನ ಕೆಲಸ. ಕಸಿ ಆದ ಮೂರನೇ ತಿಂಗಳು ಜ್ವರ ಬಂತು, ಯಾಕೆ ಗೊತ್ತಾಗುತ್ತಿಲ್ಲ ಅಂದಾಗ ಫೋನ್ ಬರುವುದು ನನಗೆ. ಹಂದಿ ಅಂಗದ ವಿಷಯವನ್ನು ಆ ಕಣ್ಣಿನಿಂದಲೇ ಓದಿಕೊಂಡು ಬಂದಿದ್ದೇನೆ.

ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಅಣ್ಣನಿಗೆ ಏನಾಗುತ್ತದೆ ಅನ್ನುವುದು ಒಂದು, ಮನೆಯವರಿಗೆ ಏನಾಗುತ್ತದೆ ಅನ್ನುವುದು ಇನ್ನೊಂದು. ವಾಟ್ಸಾಪ್ ಎರಡನ್ನೂ ಒಟ್ಟಿಗೆ ಹಾಕಿ ರುಬ್ಬಿದೆ. ಬಿಡಿಸಿ ನೋಡೋಣ.

ಆ ಫಾರ್ವರ್ಡ್ ಹೇಳುವ ವ್ಯಕ್ತಿ ಡೇವಿಡ್ ಬೆನೆಟ್. 57 ವರ್ಷ. ಬಾಲ್ಟಿಮೋರ್‌ನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2022ರ ಜನವರಿ 7ರಂದು ಅವರಿಗೆ ಹಂದಿಯ ಹೃದಯ ಹಾಕಿದರು. ಸಾಮಾನ್ಯ ಹಂದಿ ಅಲ್ಲ, ಹತ್ತು ಜೀನ್ ತಿದ್ದಿದ ಹಂದಿ. ಹಂದಿಯ ನಾಲ್ಕು ಜೀನ್ ಕೆಲಸ ನಿಲ್ಲಿಸಿ, ಮನುಷ್ಯರ ಆರು ಜೀನ್ ಸೇರಿಸಿದ್ದರು. ಬೆನೆಟ್ ಆಪರೇಷನ್‌ಗೆ ಮೊದಲೇ ತೀರಾ ಬಸವಳಿದಿದ್ದರು, ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಎರಡು ತಿಂಗಳು ಬದುಕಿದರು, ಮಾರ್ಚ್ 8ಕ್ಕೆ ತೀರಿಕೊಂಡರು.

ಇಪ್ಪತ್ತನೇ ದಿನದ ಹೊತ್ತಿಗೆ ಅವರ ರಕ್ತದಲ್ಲಿ ಹಂದಿಯ ಸೈಟೊಮೆಗಾಲೊ ವೈರಸ್‌ನ ಡಿಎನ್‌ಎ ಸ್ವಲ್ಪ ಕಂಡಿತು. ಆಮೇಲೆ ಏರುತ್ತಾ ಹೋಯಿತು. ಹಂದಿಗೆ ಮೊದಲೇ ಟೆಸ್ಟ್ ಮಾಡಿರಲಿಲ್ಲವಾ? ಮಾಡಿದ್ದರು. ಮೂಗಿಗೆ ಕಡ್ಡಿ ಹಾಕಿ ಸ್ವಾಬ್ ತೆಗೆದಿದ್ದರು, ನೆಗೆಟಿವ್ ಬಂದಿತ್ತು. ಎಲ್ಲ ಮುಗಿದ ಮೇಲೆ ಅದೇ ಹಂದಿಯ ಗುಲ್ಮದ ಸ್ಯಾಂಪಲ್ ತೆಗೆದು ನೋಡಿದರೆ ಪಾಸಿಟಿವ್. ಎಡಗಡೆ ಪಕ್ಕೆಯೊಳಗೆ ಇರುತ್ತದಲ್ಲ, ಆ ಗುಲ್ಮ. ಅಂದರೆ ವೈರಸ್ ಒಳಗೆ ಸುಮ್ನೆ ಮಲಗಿತ್ತು. ಮಲಗಿರುವ ವೈರಸ್ ಮೂಗಿಗೆ ಬರುವುದಿಲ್ಲ. ಹುಡುಕಿದ ಜಾಗ ತಪ್ಪು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ, ಮುಂದೆ ನಿಮ್ಮ ಅಣ್ಣ ಕೇಳಬೇಕಾದ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ.

ಹಾಗಾದರೆ ವೈರಸ್‌ನಿಂದಲೇ ಸತ್ತರಾ? ಅರ್ಧ ನಿಜ. ವೈರಸ್ ಬೆನೆಟ್‌ರ ಸ್ವಂತ ಜೀವಕೋಶಕ್ಕೆ ಹೊಕ್ಕಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದು ಬೆಳೆದಿದ್ದು ಹಂದಿಯ ಹೃದಯದಲ್ಲೇ, ಅದರ ಊರಲ್ಲೇ ಅನ್ನಿ. ಆದರೆ ಅಲ್ಲಿ ಅದು ಎದ್ದಾಗ ಉರಿಯೂತ ಆಗುತ್ತದೆ, ರಕ್ತನಾಳದ ಒಳಪದರ ಕೆಡುತ್ತದೆ, ದೇಹ ಅಂಗವನ್ನು ಇನ್ನಷ್ಟು ಜೋರಾಗಿ ತಳ್ಳುತ್ತದೆ. ಇದರ ಜೊತೆಗೆ ಅವರು ಮೊದಲೇ ಸೋತಿದ್ದರು. ಬಿಳಿ ರಕ್ತಕಣ ಇಳಿದಿದ್ದಕ್ಕೆ, ದೇಹ ಅಂಗವನ್ನು ತಳ್ಳದಿರಲಿ ಅಂತ ಕೊಡುವ ಇಮ್ಯುನಿಟಿ ತಗ್ಗಿಸುವ ಕೆಲವು ಔಷಧಿ ಕಡಿಮೆ ಮಾಡಬೇಕಾಯಿತು. ಬೇರೆ ಜನರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಕೊಟ್ಟಿದ್ದರು, ಅವು ಹಂದಿ ಹೃದಯದ ಮೇಲೆಯೇ ತಿರುಗಿ ಬಿದ್ದಿರಬಹುದು. ಯಾವುದು ಎಷ್ಟು ಪಾಲು ಅಂತ ಅಲ್ಲಿನ ಡಾಕ್ಟರುಗಳೂ ಒಂದೇ ಮಾತಿನಲ್ಲಿ ಹೇಳಲಿಲ್ಲ. ಹಾಗಂತ ವೈರಸ್‌ನದು ಸಣ್ಣ ಪಾಲು ಅನ್ನುವ ಹಾಗೂ ಇಲ್ಲ. ಜರ್ಮನಿಯಲ್ಲಿ ಬಬೂನ್ ಕೋತಿಗಳಿಗೆ ಹಂದಿ ಹೃದಯ ಹಾಕಿ ನೋಡಿದಾಗ, ಈ ವೈರಸ್ ಇದ್ದ ಹೃದಯದ ಕೋತಿಗಳು ಒಂದು ತಿಂಗಳು ದಾಟಲಿಲ್ಲ. ಇಲ್ಲದವು 195 ದಿನದವರೆಗೂ ಬದುಕಿದವು.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಬೇಕು. ಹಂದಿ ಅಂಗದಲ್ಲಿ ವೈರಸ್ ಇರುತ್ತದೆ, ಮನುಷ್ಯರ ಅಂಗ ಶುದ್ಧ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬರು ಬಂದಿದ್ದರು, ತಂಗಿಯಿಂದಲೇ ಕಿಡ್ನಿ ಪಡೆದವರು. ಕಸಿ ಆಗಿ ನಾಲ್ಕು ತಿಂಗಳು. ಸಂಜೆಯಾದರೆ ಸಣ್ಣ ಜ್ವರ, ಭೇದಿ, ಊಟ ಸೇರುತ್ತಿಲ್ಲ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಮೆಲ್ಲಗೆ ಏರುತ್ತಿತ್ತು. ರಕ್ತ ಪರೀಕ್ಷೆ ಮಾಡಿದರೆ ಸೈಟೊಮೆಗಾಲೊ ವೈರಸ್, ಮನುಷ್ಯರದ್ದು. ತಂಗಿ ಪಕ್ಕದಲ್ಲೇ ಕೂತಿದ್ದಳು, ಮುಖ ಬಾಡಿಹೋಯಿತು. 'ನನ್ನಿಂದಲೇ ಬಂತಾ ಸಾರ್' ಅಂದಳು. ನಿಜ ಹೇಳಬೇಕೆಂದರೆ ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ನಮ್ಮ ದೇಶದಲ್ಲಿ ದೊಡ್ಡವರಾದ ಬಹುತೇಕ ಎಲ್ಲರ ಒಳಗೂ ಈ ವೈರಸ್ ಮಲಗಿರುತ್ತದೆ. ಅಣ್ಣನಲ್ಲೂ ಇತ್ತು, ತಂಗಿಯಲ್ಲೂ ಇತ್ತು. ಇಮ್ಯುನಿಟಿ ತಗ್ಗಿಸಿದ ಕೂಡಲೇ ಎದ್ದು ಕೂತಿತು, ಅಷ್ಟೇ. ಮಾತ್ರೆ ಕೊಟ್ಟೆವು, ಆರು ವಾರದಲ್ಲಿ ಸರಿಹೋಯಿತು. ಇನ್ನೂ ಕೆಟ್ಟ ಉದಾಹರಣೆಯೂ ಇದೆ. 2004ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಗೆ ರೇಬೀಸ್ ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಆತನ ಅಂಗ ಮತ್ತು ರಕ್ತನಾಳ ಪಡೆದ ನಾಲ್ವರೂ ಸತ್ತರು.

ಮನುಷ್ಯ ದಾನಿ ಸಾಯುವಾಗ ಟೆಸ್ಟ್ ಮಾಡಲು ನಮಗೆ ಸಿಗುವುದು ಕೆಲವೇ ಗಂಟೆ. ಹಂದಿಯನ್ನು ಹುಟ್ಟಿದ ದಿನದಿಂದ ನೋಡಬಹುದು. ಈ ಒಂದು ವಿಷಯದಲ್ಲಿ ಹಂದಿಯೇ ಮೇಲು. ಆದರೆ ವ್ಯತ್ಯಾಸವೂ ಇದೆ. ಮನುಷ್ಯರ ಸೈಟೊಮೆಗಾಲೊಗೆ ನನ್ನ ಹತ್ತಿರ ಒಳ್ಳೆಯ ಮಾತ್ರೆ ಇದೆ, ಹಂದಿಯದ್ದಕ್ಕೆ ಅದೇ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಹಾಗಾಗಿ ಹಂದಿಯಲ್ಲೇ ಇಲ್ಲದ ಹಾಗೆ ನೋಡಿಕೊಳ್ಳುವುದೇ ದಾರಿ.

ಅದು ಸಾಧ್ಯವಾ? ವೈರಸ್ ಯಾವ ಜಾತಿಯದ್ದು ಅನ್ನುವುದರ ಮೇಲೆ ಹೋಗುತ್ತದೆ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಿ ತೆಗೆಯಬಹುದು. ಸಾರಿಗೆ ಹಾಕಿದ ಉಪ್ಪನ್ನು ತೆಗೆಯಲಾಗುತ್ತದಾ? ಹಂದಿಯ ವೈರಸ್‌ಗಳಲ್ಲೂ ಹೀಗೆ ಎರಡು ಜಾತಿ.

ಕಲ್ಲಿನ ಜಾತಿ ಅಂದರೆ ಹೊರಗಿನಿಂದ ಅಂಟುವಂಥವು. ಈ ಸೈಟೊಮೆಗಾಲೊ, ಹೆಪಟೈಟಿಸ್ ಇ, ಸರ್ಕೊವೈರಸ್, ಫ್ಲೂ, ಇವೆಲ್ಲ. ಸೈಟೊಮೆಗಾಲೊ ಮರಿಗೆ ಹೆಚ್ಚಾಗಿ ಅಂಟುವುದು ಹುಟ್ಟಿದ ಮೊದಲ ವಾರಗಳಲ್ಲಿ, ತಾಯಿಯ ಪಕ್ಕದಲ್ಲಿದ್ದಾಗ. ಅದಕ್ಕೇ ಮರಿಯನ್ನು ಬೇಗ ತಾಯಿಯಿಂದ ಬಿಡಿಸುತ್ತಾರೆ, ಅಥವಾ ಸಿಸೇರಿಯನ್ ಮಾಡಿ ತೆಗೆದು ಬೇರೆಯೇ ಸಾಕುತ್ತಾರೆ. ಗಾಳಿ ಸೋಸಿ ಬಿಡುವ ಕಟ್ಟಡ. ಒಳಗೆ ಹೋಗುವವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋಗಬೇಕು. ನಮ್ಮಲ್ಲಿ ಮಡಿ ಮಾಡುವವರೂ ಅಷ್ಟು ಕಟ್ಟುನಿಟ್ಟಿಲ್ಲ ಬಿಡಿ. ನ್ಯೂಜಿಲೆಂಡ್‌ನವರದ್ದು ಇನ್ನೂ ಸ್ವಾರಸ್ಯ. ದಕ್ಷಿಣದ ಆಕ್ಲೆಂಡ್ ದ್ವೀಪದಲ್ಲಿ 19ನೇ ಶತಮಾನದಲ್ಲಿ ಬಿಟ್ಟುಹೋಗಿದ್ದ ಹಂದಿಗಳು ಬೇರೆ ಹಂದಿಗಳ ಸಂಪರ್ಕವೇ ಇಲ್ಲದೆ ಬೆಳೆದಿದ್ದವು, ಸಾಮಾನ್ಯ ಹಂದಿಗಿರುವ ಎಷ್ಟೋ ವೈರಸ್ ಅವಕ್ಕೆ ತಗುಲಿರಲಿಲ್ಲ. ಡಯಾಬಿಟಿಸ್ ರೋಗಿಗಳಿಗೆ ಇನ್ಸುಲಿನ್ ತಯಾರಿಸುವ ಜೀವಕೋಶ ಹಾಕುವ ಪ್ರಯೋಗಕ್ಕೆ ಆ ತಳಿಯನ್ನೇ ಬಳಸಿದರು.

ಉಪ್ಪಿನ ಜಾತಿಯ ಹೆಸರು ಪರ್ವ್. ಹಂದಿಯ ಡಿಎನ್‌ಎ ಒಳಗೇ ಬರೆದುಕೊಂಡಿರುವ ಹಳೆಯ ರೆಟ್ರೊವೈರಸ್. ಪ್ರತಿ ಹಂದಿಯ ಪ್ರತಿ ಜೀವಕೋಶದಲ್ಲೂ ಇರುತ್ತದೆ, ಅಪ್ಪ ಅಮ್ಮನಿಂದ ಮರಿಗೆ ಬರುತ್ತದೆ. ಎಷ್ಟು ತೊಳೆದರೂ, ಎಷ್ಟು ಬೇರೆ ಇಟ್ಟರೂ ಹೋಗದು. ಇಂಥ ಹಳೆಯ ವೈರಸ್ ತುಂಡುಗಳು ನಮ್ಮ ಡಿಎನ್‌ಎಯಲ್ಲೂ ಇವೆ, ಸುಮಾರು 8 ಶೇಕಡಾ. 1997ರಲ್ಲಿ ಲಂಡನ್‌ನ ಲ್ಯಾಬಿನಲ್ಲಿ ಹಂದಿಯ ಕಿಡ್ನಿ ಜೀವಕೋಶದಿಂದ ಬಂದ ಪರ್ವ್, ಗಾಜಿನ ತಟ್ಟೆಯಲ್ಲಿದ್ದ ಮನುಷ್ಯ ಜೀವಕೋಶಕ್ಕೆ ಹೊಕ್ಕಿತು. ಜಗತ್ತೇ ಬೆಚ್ಚಿತು, ಯಾಕೆಂದರೆ ಎಚ್‌ಐವಿಯೂ ರೆಟ್ರೊವೈರಸ್ಸೇ. ಸುಮಾರು ವರ್ಷ ಈ ಕ್ಷೇತ್ರವೇ ಮಂಕಾಯಿತು. ಆದರೆ 1999ರಲ್ಲಿ, ಯಾವುದೋ ಕಾರಣಕ್ಕೆ ಹಂದಿಯ ಜೀವಂತ ಅಂಗಾಂಶದ ಸಂಪರ್ಕಕ್ಕೆ ಬಂದಿದ್ದ 160 ರೋಗಿಗಳನ್ನು ಪರೀಕ್ಷಿಸಿದರು. ಒಬ್ಬರಲ್ಲೂ ಪರ್ವ್ ಸೋಂಕು ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಒಬ್ಬ ಮನುಷ್ಯನಲ್ಲೂ ಅದು ದೃಢಪಟ್ಟಿಲ್ಲ.

ಈಗ ಇದರಲ್ಲೂ ಎರಡು ಪಂಥ. ಇ-ಜೆನೆಸಿಸ್ ಅನ್ನುವ ಕಂಪನಿ, ಉಪ್ಪನ್ನೂ ತೆಗೆದೇಬಿಡೋಣ ಅಂತ ಜೀನ್ ಕತ್ತರಿಸುವ ಕ್ರಿಸ್ಪರ್ ಅನ್ನುವ ಕತ್ತರಿಯಿಂದ ಪರ್ವ್‌ನ 59 ಪ್ರತಿಗಳನ್ನು ಕೆಡಿಸಿದೆ. ಬೇರೆ ತಿದ್ದುಪಡಿ ಸೇರಿ ಒಟ್ಟು 69. ಯುನೈಟೆಡ್ ಥೆರಪ್ಯೂಟಿಕ್ಸ್ ಕಂಪನಿಯ ಹಂದಿಗಳಲ್ಲಿ ಪರ್ವ್ ಹಾಗೇ ಇದೆ. ಇಲ್ಲಿಯವರೆಗೆ ಯಾರಿಗೂ ಅಂಟಿಲ್ಲ, ಸುಮ್ನೆ ಅಷ್ಟು ಜಾಗದಲ್ಲಿ ಕತ್ತರಿ ಆಡಿಸಿದರೆ ಬೇರೇನೋ ಕೆಡಬಹುದು ಅನ್ನುವುದು ಆ ಕಡೆಯವರ ವಾದ. ನನ್ನನ್ನು ಕೇಳಿದರೆ, ಎರಡೂ ಮಾತಿನಲ್ಲಿ ಹುರುಳಿದೆ. ಪರ್ವ್ ಬಗ್ಗೆ ನನಗೆ ಮೊದಲಿನಷ್ಟು ಭಯ ಇಲ್ಲ. ಮಲಗಿರುವ ಸೈಟೊಮೆಗಾಲೊ ಬಗ್ಗೆ ಇದೆ.

ಇನ್ನು 'ಮುಂದಿನ ಕೊರೊನಾ'. ಹಂದಿಯಿಂದ ಮನುಷ್ಯರಿಗೆ ವೈರಸ್ ದಾಟುವುದು ಹೊಸತೇನಲ್ಲ. 1998-99ರಲ್ಲಿ ಮಲೇಷ್ಯಾದಲ್ಲಿ ನಿಪಾ ಬಂದಿದ್ದು ಹಂದಿ ಸಾಕುವವರಿಗೆ. ನೂರಕ್ಕೂ ಜಾಸ್ತಿ ಜನ ಸತ್ತರು, ಹತ್ತು ಲಕ್ಷ ಹಂದಿ ಕೊಂದರು. ನಮ್ಮ ಕೋಲಾರ, ಮಂಡ್ಯ, ಬಳ್ಳಾರಿ ಕಡೆ ಮಕ್ಕಳಿಗೆ ಬರುತ್ತಿದ್ದ ಮೆದುಳು ಜ್ವರ, ಜಪಾನೀಸ್ ಎನ್‌ಸೆಫಲೈಟಿಸ್, ಅದರ ವೈರಸ್ ಕೂಡ ಬೆಳೆಯುವುದು ಹಂದಿಯಲ್ಲಿ, ತರುವುದು ಸೊಳ್ಳೆ. ಅಂಗ ಕಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಯಲಲ್ಲಿ ತಿರುಗುವ ಸಾವಿರಾರು ಹಂದಿಗೂ, ಮುಚ್ಚಿದ ಕಟ್ಟಡದಲ್ಲಿ ಹುಟ್ಟಿ ಬೆಳೆದು ಆಗಾಗ ಟೆಸ್ಟ್ ಆದ ಒಂದು ಹಂದಿಗೂ ತುಂಬಾ ಅಂತರ ಇದೆ.

ಹಾಗಂತ ಕೆಲವರು ಇನ್ನೊಂದು ತುದಿಗೆ ಹೋಗಿ, ಹಂದಿಯ ಹೃದಯದ ಕವಾಟ ಐವತ್ತು ವರ್ಷದಿಂದ ಹಾಕುತ್ತಿದ್ದೇವೆ, ಏನೂ ಆಗಿಲ್ಲ ಅನ್ನುತ್ತಾರೆ. ಅದೂ ಸರಿಯಲ್ಲ. ಕವಾಟವನ್ನು ರಾಸಾಯನಿಕದಲ್ಲಿ ಅದ್ದಿ ಹದ ಮಾಡಿರುತ್ತಾರೆ, ಅದರಲ್ಲಿ ಜೀವ ಇಲ್ಲ. ನಿಮ್ಮ ಅಣ್ಣನಿಗೆ ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಹಾಕುತ್ತಿದ್ದರೆ, ಅಮೆರಿಕದಲ್ಲಿ ಅದು ಹಂದಿಯ ಕರುಳಿನಿಂದಲೇ ಬರುವುದು. ಅಮ್ಮನಿಗೆ ಹೇಳುವಾಗ ಈ ಮಾತು ಉಪಯೋಗಕ್ಕೆ ಬರಬಹುದು! ಆದರೆ ಅದು ಶುದ್ಧ ಮಾಡಿದ ಔಷಧಿ. ಕಿಡ್ನಿ ಜೀವಂತ ಅಂಗ. ಚರ್ಮ, ಹೊಟ್ಟೆಯ ಆಮ್ಲ, ಮೂಗಿನ ಲೋಳೆ, ವೈರಸ್ ತಡೆಯುವ ಎಲ್ಲ ಬೇಲಿ ದಾಟಿಸಿ ನಾವೇ ಕೈಯಾರೆ ಒಳಗಿಡುತ್ತೇವೆ. ಮೇಲೆ ಇಮ್ಯುನಿಟಿಯನ್ನೂ ಮಲಗಿಸುತ್ತೇವೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಹಂದಿಯ ಜೀವಕೋಶದ ಮೇಲೆ ಒಂದು ಬಗೆಯ ಸಕ್ಕರೆ ಅಣು ಇರುತ್ತದೆ. ನಮ್ಮ ದೇಹ ಅದನ್ನು ಕಂಡ ತಕ್ಷಣ ದಾಳಿ ಮಾಡುತ್ತದೆ, ನಿಮಿಷಗಳಲ್ಲಿ ಅಂಗ ಕಪ್ಪಾಗುತ್ತದೆ. ಅದಕ್ಕೇ ಆ ಸಕ್ಕರೆಯ ಜೀನನ್ನು ಮೊದಲು ತೆಗೆಯುವುದು. ಆದರೆ ಹಂದಿಯಿಂದ ಹೊರಬರುವ ಕೆಲವು ವೈರಸ್‌ಗಳೂ ಅದೇ ಸಕ್ಕರೆ ಹೊದ್ದು ಬರುತ್ತವೆ, ಮೊದಲಾದರೆ ನಮ್ಮ ದೇಹ ಅವನ್ನೂ ಅಲ್ಲೇ ಹೊಡೆಯುತ್ತಿತ್ತು. ಅಂಗ ಉಳಿಸಲು ಸಕ್ಕರೆ ತೆಗೆದೆವು, ಜೊತೆಗೆ ಆ ಕಾವಲೂ ಹೋಯಿತು. ಅದಕ್ಕೇ ಅಪಾಯ ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೊನ್ನೆ ಅಲ್ಲ, ಸಣ್ಣದು.

ಅತ್ತಿಗೆ, ಮಕ್ಕಳ ವಿಷಯಕ್ಕೆ ಬರೋಣ. ಅವರಿಗೆ ಅಂಟಬೇಕಾದರೆ ವೈರಸ್ ಮೊದಲು ಹಂದಿಯ ಕಿಡ್ನಿಯಲ್ಲಿ ಏಳಬೇಕು, ಅಲ್ಲಿಂದ ಅಣ್ಣನ ಸ್ವಂತ ಜೀವಕೋಶಕ್ಕೆ ಹೊಕ್ಕಬೇಕು, ಅಲ್ಲಿ ಬೆಳೆಯಬೇಕು, ಆಮೇಲೆ ಮೈಯಿಂದ ಹೊರಬರಬೇಕು. ಇಲ್ಲಿಯವರೆಗೆ ಎರಡನೇ ಮೆಟ್ಟಿಲನ್ನೇ ಯಾವ ವೈರಸ್ಸೂ ಹತ್ತಿದ್ದು ಕಂಡಿಲ್ಲ. ಅಂಗ ಪಡೆದವರ ಮನೆಯವರಿಗೆ ಹರಡಿದ ಒಂದು ಪ್ರಕರಣವೂ ಇಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಿದ್ದಕ್ಕೆ, ಮೊಮ್ಮಕ್ಕಳನ್ನು ಎತ್ತಿಕೊಂಡಿದ್ದಕ್ಕೆ ಹರಡಿದ್ದು ಕಂಡಿಲ್ಲ.

ಆದರೂ ಅಮೆರಿಕದ ನಿಯಮ ಬಿಗಿಯಾಗಿದೆ, ಇರಬೇಕಾದ್ದೂ ಹೌದು. ನಿಮ್ಮ ಅಣ್ಣ ಜೀವನಪೂರ್ತಿ ಆಗಾಗ ಪರೀಕ್ಷೆಗೆ ರಕ್ತ ಕೊಡುತ್ತಿರಬೇಕು. ಹಂದಿಯ ಸ್ಯಾಂಪಲ್, ಅವನ ಸ್ಯಾಂಪಲ್, ಎರಡನ್ನೂ ಹಲವು ದಶಕ ತಣ್ಣಗೆ ಕಾಪಾಡಿ ಇಡಬೇಕು ಅಂತ ಅಲ್ಲಿನ ಮಾರ್ಗಸೂಚಿ. ಅಣ್ಣ ಮತ್ತೆ ಯಾರಿಗೂ ರಕ್ತದಾನ ಮಾಡುವ ಹಾಗಿಲ್ಲ, ಅತ್ತಿಗೆಯೂ ಮಾಡುವ ಹಾಗಿಲ್ಲ. ಗಂಡ ಹೆಂಡತಿ ಸಂಬಂಧದಲ್ಲಿ ಕಾಂಡೋಮ್ ಬಳಸಿ ಅಂತಲೂ ಹೇಳಬಹುದು. ಕಿಡ್ನಿ ಕೆಟ್ಟು ತೆಗೆದುಹಾಕಿದರೂ ಈ ನಿಗಾ ನಿಲ್ಲುವುದಿಲ್ಲ. ಇದು ಒಬ್ಬರೇ ಸಹಿ ಹಾಕಿ ಬರುವ ಕಾಗದ ಅಲ್ಲ, ಅತ್ತಿಗೆಯೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು. ಅವರ ಭಯವನ್ನು 'ಏನಾಗಲ್ಲ ಸುಮ್ನಿರು' ಅಂತ ತಳ್ಳಿಹಾಕಬೇಡಿ.

ನಿಯಮ ಬಿಗಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ಘಟನೆ ಇದೆ. 1997ರ ಜನವರಿ 1ರಂದು ಗುವಾಹಟಿ ಹತ್ತಿರ ಡಾ. ಧನಿರಾಮ್ ಬರುವಾ 32 ವರ್ಷದ ಒಬ್ಬರಿಗೆ ಹಂದಿಯ ಹೃದಯ ಹಾಕಿದರು. ರೋಗಿ ಒಂದು ವಾರ ಬದುಕಿದರು. ಡಾಕ್ಟರು ಜೈಲಿಗೆ ಹೋದರು, 40 ದಿನ. ಅವರನ್ನು ಈಗ ಕಾಲಕ್ಕಿಂತ ಮುಂದಿದ್ದವರು ಅಂತ ಹೊಗಳುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಜೀನ್ ತಿದ್ದದ ಹಂದಿಯ ಅಂಗ ಉಳಿಯುವುದಿಲ್ಲ ಅಂತ ಆಗಲೇ ಗೊತ್ತಿತ್ತು.

ಅಣ್ಣನಿಗೆ ನಿಜವಾದ ಅಪಾಯ ಎಲ್ಲಿದೆ ಗೊತ್ತಾ? ಹಂದಿ ವೈರಸ್‌ಗಿಂತ ಜಾಸ್ತಿ, ಅಂಗ ತಿರಸ್ಕಾರದಲ್ಲಿ ಮತ್ತು ಮಾಮೂಲಿ ಸೋಂಕಿನಲ್ಲಿ. ಇಲ್ಲಿಯವರೆಗಿನ ಕಥೆ ನೋಡಿ. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಸ್ಲೇಮನ್ ಬದುಕಿರುವವರಲ್ಲಿ ಮೊದಲಿಗರಾಗಿ ಜೀನ್ ತಿದ್ದಿದ ಹಂದಿಯ ಕಿಡ್ನಿ ಪಡೆದರು. ಸುಮಾರು ಎರಡು ತಿಂಗಳಿಗೆ ತೀರಿಕೊಂಡರು, ಕಾರಣ ಹಳೆಯ ಹೃದ್ರೋಗ ಅಂದರು, ಕಿಡ್ನಿ ಕೆಟ್ಟಿರಲಿಲ್ಲ. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಪಡೆದ ಟೊವಾನಾ ಲೂನಿ 130 ದಿನ ಡಯಾಲಿಸಿಸ್ ಇಲ್ಲದೆ ಇದ್ದರು. ಬೇರೊಂದು ಸೋಂಕು ಬಂತು ಅಂತ ಇಮ್ಯುನಿಟಿ ತಗ್ಗಿಸುವ ಔಷಧಿ ಕಡಿಮೆ ಮಾಡಿದರು, ದೇಹ ಕಿಡ್ನಿಯನ್ನು ತಳ್ಳಿತು, ತೆಗೆಯಬೇಕಾಯಿತು. ಇದು ನಾನು ದಿನಾ ನೋಡುವ ಇಕ್ಕಟ್ಟು. ಔಷಧಿ ಜಾಸ್ತಿ ಮಾಡಿದರೆ ಸೋಂಕು, ಕಡಿಮೆ ಮಾಡಿದರೆ ಅಂಗ ಹೋಗುತ್ತದೆ. 2025ರ ಜನವರಿಯಲ್ಲಿ ಹಾಕಿಸಿಕೊಂಡ ಟಿಮ್ ಆ್ಯಂಡ್ರೂಸ್‌ರ ಹಂದಿ ಕಿಡ್ನಿ 271 ದಿನ ಬಾಳಿತು, ಆಮೇಲೆ ತೆಗೆದರು. ಕಿಡ್ನಿಯಲ್ಲಿ ಒಂದು ಸಮಾಧಾನ, ಕೆಟ್ಟರೆ ತೆಗೆದು ಡಯಾಲಿಸಿಸ್‌ಗೆ ಮರಳಬಹುದು. ಹೃದಯಕ್ಕೆ ಆ ಅವಕಾಶ ಇಲ್ಲ.

ಈಗ ದಾರಿಗಳು. ಟ್ರಯಲ್‌ಗೆ ಮೊದಲು ನಿಮ್ಮ ಕಿಡ್ನಿಯ ಬಾಗಿಲು ಪೂರ್ತಿ ಮುಚ್ಚಿದೆಯಾ ಅಂತ ಕೇಳಿ. ಗ್ರೂಪ್ ಹೊಂದುವುದಿಲ್ಲ ಅಂದರೆ ಮುಗಿಯಿತು ಅಂತ ಅರ್ಥ ಅಲ್ಲ. ನಿಮ್ಮ ಹಾಗೇ ಹೊಂದದ ಇನ್ನೊಂದು ಜೋಡಿ ಹುಡುಕಿ ಅದಲುಬದಲು ಮಾಡುವ ಸ್ವಾಪ್ ಅಮೆರಿಕದಲ್ಲಿ ಚೆನ್ನಾಗಿ ನಡೆಯುತ್ತದೆ. ಅವನು ಓ ಆಗಿರುವುದರಿಂದ ಜೋಡಿ ಸಿಗುವುದು ತಡವಾಗಬಹುದು, ನೀವು ಅಲ್ಲಿಗೆ ಹೋಗಲು ವೀಸಾ, ಖರ್ಚು ಎಲ್ಲ ಇದೆ, ಆದರೂ ಕೇಳಬೇಕು. ಗ್ರೂಪ್ ಬೇರೆಯಿದ್ದರೂ ಪ್ರತಿಕಾಯ ತೆಗೆದು ಕಸಿ ಮಾಡುವ ವಿಧಾನವೂ ಇದೆ. ಅಣ್ಣ ಇಲ್ಲಿಗೇ ಬಂದು ಮಾಡಿಸಿಕೊಳ್ಳುವುದಾದರೆ, ಅವನು ವಿದೇಶಿ ಪ್ರಜೆಯಾದರೂ ನೀವು ಒಡಹುಟ್ಟಿದವರು, ನಮ್ಮ ಕಾನೂನಿನಲ್ಲಿ ಹತ್ತಿರದ ಸಂಬಂಧಿ. ಅಧಿಕಾರ ಸಮಿತಿಯ ಒಪ್ಪಿಗೆ ಬೇಕು, ಕಾಗದಪತ್ರ ರಾಶಿ ಇರುತ್ತದೆ. ಮನುಷ್ಯರ ಕಿಡ್ನಿ ಸಿಕ್ಕಿದರೆ ಅದೇ ಮೊದಲು. ಹತ್ತು ಹದಿನೈದು ವರ್ಷ ಬಾಳುವ ಅಂಗದ ಮುಂದೆ, ಇನ್ನೂ ತಿಂಗಳಲ್ಲಿ ಲೆಕ್ಕ ಹಾಕುವ ಅಂಗವನ್ನು ಇಟ್ಟು ತೂಗುವ ಹಾಗಿಲ್ಲ.

ಅದು ಆಗುವುದೇ ಇಲ್ಲ, ಪಟ್ಟಿಯಲ್ಲಿ ಸರದಿ ಬರುವಷ್ಟರಲ್ಲಿ ಅಣ್ಣನ ಸ್ಥಿತಿ ಕೆಡುತ್ತದೆ ಅಂತಾದರೆ ಮಾತ್ರ ಟ್ರಯಲ್. 2025ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಟ್ರಯಲ್‌ಗಳು ಇರುವುದೂ ಅಂಥವರಿಗೇ. ಆ ತಂಡದ ಮುಂದೆ ಕೂತಾಗ ಅಣ್ಣ ಬಾಯಿಬಿಟ್ಟು ಕೇಳಲಿ: ಹಂದಿಗೆ ಸೈಟೊಮೆಗಾಲೊ ಇಲ್ಲ ಅಂತ ಹೇಗೆ ಗೊತ್ತು, ಬರೀ ಸ್ವಾಬ್ ನೋಡಿದ್ದೀರಾ ಇಲ್ಲ ರಕ್ತದಲ್ಲಿ ಪ್ರತಿಕಾಯವನ್ನೂ ನೋಡಿದ್ದೀರಾ, ಎಷ್ಟು ಸಲ, ಅದರ ತಾಯಿಗೆ ಇತ್ತಾ? ಪ್ರತಿಕಾಯ ಸುಳ್ಳು ಹೇಳುವುದು ಕಡಿಮೆ, ವೈರಸ್ ಮಲಗಿದ್ದರೂ ಅದರ ಗುರುತು ರಕ್ತದಲ್ಲಿ ಉಳಿದಿರುತ್ತದೆ. ಬೆನೆಟ್ ನಂತರ ಎಲ್ಲರೂ ಇದನ್ನು ಕಲಿತಿದ್ದಾರೆ, ಹಾಗಾಗಿ ಅವರ ಹತ್ತಿರ ಉತ್ತರ ರೆಡಿ ಇರಬೇಕು. ತಡವರಿಸಿದರೆ ನನಗೆ ಅನುಮಾನ ಬರುತ್ತದೆ. ನನಗೆ ಸೋಂಕು ಬಂದರೆ ಔಷಧಿ ತಗ್ಗಿಸುತ್ತೀರಾ, ಕಿಡ್ನಿ ತೆಗೆಯುತ್ತೀರಾ, ಯಾವಾಗ ತೀರ್ಮಾನ ಮಾಡುತ್ತೀರಾ ಅಂತಲೂ ಕೇಳಲಿ. ಟ್ರಯಲ್‌ಗೆ ಸೇರಿದರೆ ಮನುಷ್ಯರ ಕಿಡ್ನಿ ಪಟ್ಟಿಯಲ್ಲಿ ಹೆಸರು ಉಳಿಯುತ್ತದಾ ಅನ್ನುವುದನ್ನು ಬರಹದಲ್ಲಿ ಪಡೆಯಲಿ.

ನೀವು ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಬಿಪಿ, ಶುಗರ್, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಇಷ್ಟು ಮಾಡಿಸಿ. ಶಿವಮೊಗ್ಗದಲ್ಲೇ ಆಗುತ್ತದೆ. ನಿಮ್ಮ ಮನೆಯಲ್ಲಿ ಶುಗರ್ ಇದೆ, ನಿಮಗೂ 51. ರಿಪೋರ್ಟ್ ಚೆನ್ನಾಗಿದ್ದರೆ ಅದರ ಫೋಟೋ ಅಣ್ಣನಿಗೆ ಕಳಿಸಿ, ಸ್ವಾಪ್ ಪಟ್ಟಿಗೆ ಹೆಸರು ಹಾಕಲು ಅವನ ಡಾಕ್ಟರ್‌ಗೆ ಹೇಳಲಿ. ಅಮ್ಮನಿಗೆ ಹೇಳುವುದು ಆ ರಿಪೋರ್ಟ್ ಬಂದ ಮೇಲೆ ಇರಲಿ. ಆಗ ಹಂದಿಯ ಮಾತು ಎತ್ತಬೇಕಾ, ಬೇಡವಾ ಅಂತ ನಿಮಗೇ ಗೊತ್ತಾಗಿರುತ್ತದೆ.